ನಲ್ಲಿಗೊಂದು ಗೋಣಿಚೀಲ

ಸರ್ಕಾರಿ ನಲ್ಲಿಯ ಬಾಯಿಗೆ ಹಳೇ ವಾರ್ತೆ ತುರುಕಿದ ಗಂಡು ನಾನು. ಎದುರು ನಿಲ್ಲುವವನಿಗೂ ಎಂಟೆದೆ ಬೇಕು.

ನಮ್ಮೂರಲ್ಲಿ ನೀರಿನ ಜೊತೆಗೇ ನಲ್ಲಿಯಿಂದ ಸರ್ಕಾರದ ವಾರ್ತೆಯೂ ಬರುತ್ತದೆ. ಹಿಂದಿನ ಸರ್ಕಾರವಿದ್ದಾಗ ದೊಡ್ಡಪ್ಪ ಸದ್ದಡಗಿಸಲು ನಲ್ಲಿಗೆ ಗೋಣಿಚೀಲ ಸುತ್ತುತ್ತಿದ್ದರು. ಈಗ ಅವರದೇ ಪಕ್ಷ ಗೆದ್ದಿದೆ. ತನ್ನ ನಲ್ಲಿಗೆ ಚೀಲ ಸುತ್ತಿದ ಪಕ್ಕದ ಮನೆಯ ನಂಜಕ್ಕನ ನೀರು ನಿಲ್ಲಿಸಲು ನೀರುಗಂಟಿಯನ್ನು ಕರೆಸಿದರು.

"ನೀವೂ ಸುತ್ತಿದ್ರಲ್ಲ ದೊಡ್ಡಪ್ಪ?" ಎಂದೆ.

"ಅದು ಪ್ರಚಾರ ಕಣ್ಲಾ, ಇದು ಮಾಹಿತಿ."

"ಪೈಪಲ್ಲಿ ಹಳೇ ಸರ್ಕಾರದ್ದು ಉಳ್ಕೊಂಡದೆ, ಕೇಳಿ," ಎಂದು ದೊಡ್ಡಪ್ಪನ ಮನೆಯ ನಲ್ಲಿ ತಿರುಗಿಸಿದೆ.

'ರಸ್ತೆಯಲ್ಲಿ ಒಂದೂ ಗುಂಡಿಯಿಲ್ಲ' ಎಂದಿತು ನಲ್ಲಿ.

"ಥೂ, ಸುಳ್ಬುರುಕ್ರು," ಎಂದು ದೊಡ್ಡಪ್ಪ ಚೀಲ ಬಿಗಿದರು.

ಅಷ್ಟರಲ್ಲಿ ಬಂದ ನೀರುಗಂಟಿ ಕೇಳಿದ: "ಎರಡೂ ಮನೇದು ನಿಲ್ಲಿಸ್ಲಾ ಯಜಮಾನ್ರೇ?"

ದೊಡ್ಡಪ್ಪ ಅವನಿಗೆ ಕಾಫಿ ಕೊಟ್ಟು ಕಳಿಸಿದರು.

ನಿಜ ಹೇಳಿಬಿಡುತ್ತೇನೆ. ನಾನು ಏನನ್ನೂ ತುರುಕಿರಲಿಲ್ಲ. ಅದು ಅವತ್ತು ಬೆಳಗಿನ ಹೊಸ ವಾರ್ತೆ.