ಎರಡನೇ ಸೀಟಿ

ಪೂನಮ ಊದಿದ್ದು ಒಂದೇ ಸೀಟಿ. ಬಸ್ಸು ಹೊರಡಬೇಕೆಂದರೆ ಎರಡು ಊದಬೇಕು. ಒಂದೇ ಆದರೆ ನಿಲ್ಲಿಸು ಎಂದರ್ಥ. ಮನಸ್ಸಿನ ಕಾಯಿಲೆಗೆಂದು ತಿಂಗಳುಗಟ್ಟಲೆ ರಜೆಯಲ್ಲಿದ್ದು, ಇವತ್ತೇ ಕಂಡಕ್ಟರ್ ಕೆಲಸಕ್ಕೆ ಮರಳಿದ್ದಳು. ವಿಜಯಪುರ ಬಸ್ ನಿಲ್ದಾಣದಲ್ಲಿ, ತುಂಬಿದ ಬಸ್ಸಿನ ಮುಖಗಳೆಲ್ಲ ತನ್ನತ್ತಲೇ ತಿರುಗಿದಂತಾಗಿ, ಎರಡನೆಯದಕ್ಕೆ ಉಸಿರೇ ಸಾಲಲಿಲ್ಲ. ಬೆವೆತ ಅಂಗೈಯಲ್ಲಿ ಸೀಟಿ ಜಾರುತ್ತಿತ್ತು.

"ಬಬಲೇಶ್ವರ ಮುಟ್ಟೂದ್ರಾಗ ಸಂತಿ ಮುಗೀತೈತಿ. ಬಿಡಪಾ ಗಾಡಿ!" ಮುಂದೆ ಕೂತಿದ್ದ ಮುದುಕಿ ಡ್ರೈವರನಿಗೆ ದಬಾಯಿಸಿದಳು.

ಡ್ರೈವರ್ ರೇವಪ್ಪ ಗೇರಿನ ಮೇಲಿಟ್ಟ ಕೈ ಅಲ್ಲಾಡಿಸಲಿಲ್ಲ. ಹಿಂದೆ ತಿರುಗಿ ಪೂನಮಳನ್ನು ನೋಡಲೂ ಇಲ್ಲ.

"ಎರಡನೇ ಸೀಟಿ ಇನ್ನೂ ಆಗಿಲ್ಲ ಬೇ ಯವ್ವಾ. ಕಂಡಕ್ಟರ್ ಮೇಡಮ್ಮಾರು ಊದೂತನಕಾ ನನ್ನ ಗಾಡಿ ಹೋಗಂಗಿಲ್ಲ," ಎಂದವನು ಹೆಗಲ ಮೇಲಿನ ಟವೆಲ್ ತೆಗೆದು, ಹೊತ್ತು ಬೇಕಾದಷ್ಟಿದೆ ಎನ್ನುವ ಹಾಗೆ ಮುಂದಿನ ಗಾಜು ಒರೆಸತೊಡಗಿದ.

ಗಾಜಿನ ಮೇಲೆ ಆಚೀಚೆ ಓಡಾಡುವ ಆ ಟವೆಲನ್ನೇ ಪೂನಮ ನೋಡುತ್ತ ನಿಂತಳು. ಉಸಿರು ನಿಧಾನಕ್ಕೆ ಹದಕ್ಕೆ ಬಂತು. ಸೀಟಿಯನ್ನು ಸೆರಗಿಗೆ ಒರೆಸಿ ತುಟಿಗಿಟ್ಟಳು.

ಎರಡನೇ ಸೀಟಿ ನಿಲ್ದಾಣದ ಆ ತುದಿಗೂ ಕೇಳಿಸಿತು. ಬಸ್ಸು ಜಗ್ಗಿ ಹೊರಟಾಗ, ಕಂಬಿ ಹಿಡಿಯದೆಯೇ ನಿಂತಿದ್ದ ಪೂನಮ ಕೂಗಿದಳು: "ಬಬಲೇಶ್ವರ ಯಾರ್ರೀ? ಟಿಕೀಟ್ ತಗೋರಿ!"