ಹತ್ತನೇ ಕ್ಲಾಸ್ ಪಾಸಾದವಳು

ಹತ್ತನೇ ತರಗತಿ ಪಾಸಾಗದವರು ಪಂಚಾಯ್ತಿ ಚುನಾವಣೆಗೆ ನಿಲ್ಲುವಂತಿಲ್ಲ ಎಂಬ ಕಾನೂನನ್ನು ಕೋರ್ಟು ಎತ್ತಿಹಿಡಿದ ದಿನ ಪಂಚಾಯ್ತಿ ಅಧ್ಯಕ್ಷ ಪಟಾಕಿ ಹೊಡೆಸಿದ. ಅವನ ವಿರುದ್ಧ ನಿಲ್ಲಲಿದ್ದ ಕೂಲಿಯವಳಿಗೆ ಓದು ಬರಹ ಬಾರದು.

“ಹೆಬ್ಬೆಟ್ಟು ಒತ್ತೋರ ಕಾಟ ತಪ್ತು ಬಿಡು” ಎಂದ.

ಆದರೆ ಅವನ ಕ್ಷೇತ್ರ ಮಹಿಳೆಗೆ ಮೀಸಲಾಯಿತು. ಹೆಂಡತಿಯನ್ನು ಕರೆದ.

“ನೀನು ಪಾಸಾಗಿದ್ದೀಯಲ್ಲೇ. ನಾಳೆ ನಾಮಪತ್ರ ಹಾಕು.”

“ಮದುವೆಯಾದ ವಾರಾನೇ ನನ್ನ ಮಾರ್ಕ್ಸ್ ಕಾರ್ಡನ್ನ ಹಂಡೆ ಒಲೆಗೆ ಹಾಕಿದ್ರಲ್ಲ.”

“ಓದಿದೋಳು ಎದುರು ಮಾತಾಡ್ತಾಳೆ ಅಂತ ಹಾಕ್ದೆ. ಈಗ ಇನ್ನೊಂದು ತರಿಸಿದ್ದೀನಿ. ಅಲ್ಲಿ ಸಹಿ ಮಾಡು ಸಾಕು, ಬಾಯಿ ಬಿಡಬೇಡ.”

ಮರುದಿನ ಚುನಾವಣಾ ಕಚೇರಿಯಲ್ಲಿ ಅವಳು ಬಾಯಿ ಬಿಡಲಿಲ್ಲ. ಚುನಾವಣಾಧಿಕಾರಿ ಮಾರ್ಕ್ಸ್ ಕಾರ್ಡ್ ನೋಡಿ ತಲೆಯಾಡಿಸಿ, ಸಹಿಗೆಂದು ಪೆನ್ನು ಕೊಟ್ಟರು.

ಅವಳು ಪೆನ್ನನ್ನು ಗಂಡನ ಕೈಗಿತ್ತು, ಮೇಜಿನ ಮೇಲಿದ್ದ ಇಂಕ್ ಪ್ಯಾಡ್ ಎಳೆದುಕೊಂಡು, ನಾಮಪತ್ರದ ಮೇಲೆ ಹೆಬ್ಬೆಟ್ಟು ಒತ್ತಿದಳು.