ಪಾರಿವಾಳದ ಕೊರಳಿನ ಬಣ್ಣ

“ಮೊದಲು ಕಾರು ಒಳಗೆ ತಗೊಳ್ಳಿ ಅಣ್ಣಾ. ಬೆಲೆ ಆಮೇಲೆ ಮಾತಾಡೋಣ.”

ಹೆಂಗಸು ಇಂಜಿನ್ ಆರಿಸಿರಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ ರಸ್ತೆಯ ಆ ತುದಿ ಈ ತುದಿ ನೋಡುತ್ತಿದ್ದಳು. ಹಳೇ ಕಾರುಗಳ ದಲ್ಲಾಳಿ ಗೇಟು ಪೂರ್ತಿ ತೆರೆದ. ತಗ್ಗನೆಯ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ಗುರುಗುಟ್ಟುತ್ತಾ ಶೆಡ್ಡಿಗೆ ನುಗ್ಗಿ, ಮುಗ್ಗರಿಸಿದಂತೆ ನಿಂತಿತು. ಓಡಿಸುವವಳು ಗಾಬರಿಯಲ್ಲಿದ್ದಾಳೆ ಎಂದುಕೊಂಡ ಅವನು.

ಆಮೇಲೆ ಅವನ ಕಣ್ಣು ಬಣ್ಣಕ್ಕೆ ಹೋಯಿತು. ಬಿಸಿಲಲ್ಲಿ ಹಸಿರು, ನೆರಳಿಗೆ ಬಂದೊಡನೆ ನೇರಳೆ. ಥೇಟ್ ಪಾರಿವಾಳದ ಕೊರಳು.

“ಬೇಜಾರು ಮಾಡ್ಕೋಬೇಡಿ ತಾಯಿ, ಇದ್ದದ್ದು ಹೇಳ್ತೀನಿ. ಇದೇ ಕಾರು ಕೆಂಪಗಿದ್ದಿದ್ರೆ ಬೆಳಿಗ್ಗೆ ತಂದದ್ದು ಸಂಜೆಗೆ ಹೋಗ್ತಿತ್ತು. ಹಳದಿಗೂ ಗಿರಾಕಿ ಇದ್ದಾರೆ. ಬಿಳಿ, ಕಪ್ಪು ಅಂದ್ರಂತೂ ಕಣ್ಣು ಮುಚ್ಚಿ ತಗೋತಾರೆ. ಈ ಬಣ್ಣಕ್ಕೆ ಒಬ್ಬ ಹುಚ್ಚನೇ ಬರಬೇಕು. ಅವನು ಬರೋವರೆಗೆ ಇದು ಇಲ್ಲೇ ಧೂಳು ತಿನ್ನುತ್ತೆ. ಯಾರು ಆರಿಸಿದ್ದು ಇದನ್ನ?”

“ನಾನಲ್ಲ.”

“ಯಜಮಾನರಾ?”

ಅವಳು ಮತ್ತೆ ರಸ್ತೆಯತ್ತ ನೋಡಿದಳು. “ಎಲ್ಲಿ ಹೋದ್ರೂ ಜನ ತಿರುಗಿ ನೋಡ್ತಾರೆ. ಸಿಗ್ನಲ್ಲಲ್ಲಿ ನಿಂತ್ರೆ ಮೈಯೆಲ್ಲಾ ಬೆವರುತ್ತೆ. ನೀವು ಎಷ್ಟು ಕೊಡ್ತೀರೋ ಕೊಡಿ. ಬೇಗ ಕೊಡಿ.”

ದಲ್ಲಾಳಿಗೆ ಚೌಕಾಸಿ ಮಾಡದವರನ್ನು ಕಂಡರೆ ಹೆದರಿಕೆ. ಕದ್ದ ಮಾಲಿಗೆ ಕೈಹಾಕಿ ಪಕ್ಕದ ಅಂಗಡಿಯವನು ಜೈಲಿನ ಗೋಡೆ ನೋಡಿ ಬಂದಿದ್ದ. ಕಾಗದಪತ್ರ ಕೇಳಿದ. ಅವಳು ಕಾರಿನೊಳಗೆಲ್ಲ ತಡಕಾಡಿ ತಂದುಕೊಟ್ಟಳು. ಎಲ್ಲವೂ ಸರಿಯಿದ್ದವು. ಕಾರು ಹೆಂಗಸಿನ ಹೆಸರಿನಲ್ಲೇ ಇತ್ತು.

“ನಿಮ್ಮ ಗುರುತಿನ ಚೀಟಿ?”

“ತಂದಿಲ್ಲ. ಈಗ ತಿರುಗಿ ಹೋಗೋಕಾಗಲ್ಲ ಅಣ್ಣಾ. ಏನೇ ಆದ್ರೂ ಹೋಗೋಕಾಗಲ್ಲ.”

ಹಾಗೆನ್ನುವಾಗ ಅವಳ ಕುರ್ತಾದ ತೋಳು ಮೇಲೆ ಸರಿಯಿತು. ಮಣಿಕಟ್ಟಿನ ಮೇಲೆ ಉಗುರಿನ ಗೀರುಗಳು, ಇನ್ನೂ ಹಸಿ. ಅವನು ನೋಡಿದ್ದನ್ನು ಅವಳೂ ನೋಡಿದಳು. ಥಟ್ಟನೆ ತೋಳೆಳೆದುಕೊಂಡಳು.

“ಬಿಡಿಸಿಕೊಂಡು ಬರೋವಾಗ ಆಯ್ತು,” ಎಂದಳು ಮೆಲ್ಲಗೆ.

ದಲ್ಲಾಳಿ ಮುಖ ತಿರುಗಿಸಿದ. ಅವನ ಅಕ್ಕ ತವರಿಗೆ ಬಂದಾಗಲೆಲ್ಲ ಹೀಗೇ ತೋಳು ಎಳೆದುಕೊಳ್ಳುತ್ತಿದ್ದಳು. ಬಾಗಿಲು ಬಡಿದಿದೆ, ಬಳೆ ಚುಚ್ಚಿದೆ ಎಂದು ಕಥೆ ಕಟ್ಟುತ್ತಿದ್ದಳು. ಒಂದು ದಿನ ಅವಳ ಬದಲು ಅವಳ ಸುದ್ದಿ ಬಂತು.

ಅವನು ಮತ್ತೇನೂ ಕೇಳಲಿಲ್ಲ. ಗಲ್ಲಾಪೆಟ್ಟಿಗೆಯಲ್ಲಿ ಇದ್ದುದನ್ನೆಲ್ಲ ಬಾಚಿ ಅವಳ ಕೈಗಿಟ್ಟ. ಕಾರನ್ನು ಶೆಡ್ಡಿನ ಮೂಲೆಗೆ ತಳ್ಳಿ ಟಾರ್ಪಾಲು ಹೊದಿಸಿದ. ಹಿಂಬಾಗಿಲ ಚಿಲಕ ತೆಗೆದು ಗಲ್ಲಿ ತೋರಿಸಿದ.

“ನೇರ ಹೋದ್ರೆ ಬಸ್ ನಿಲ್ದಾಣ. ಮೊದಲು ಸಿಕ್ಕಿದ ಬಸ್ಸು ಹತ್ತಿಬಿಡಿ.”

“ಯಾರಾದ್ರೂ ಬಂದು ಕೇಳಿದ್ರೆ?”

“ನಾನು ಯಾರನ್ನೂ ನೋಡಿಲ್ಲ, ತಾಯಿ.”

ಅವಳು ಕೈಮುಗಿದಳು. ಓಡಲಿಲ್ಲ, ಓಡಿದರೆ ಜನ ನೋಡುತ್ತಾರೆಂದು ಗೊತ್ತಿದ್ದವಳಂತೆ ಬಿರಬಿರನೆ ನಡೆದಳು.

ಚಿಲಕ ಹಾಕಿದ ಮೇಲೆ ದಲ್ಲಾಳಿಗೆ ಭಯ ಶುರುವಾಯಿತು. ಅಂಥ ಗಂಡ ಸುಮ್ಮನೆ ಬಿಡುತ್ತಾನೆಯೇ? ರಸ್ತೆಯಲ್ಲಿ ಬ್ರೇಕಿನ ಸದ್ದಾದಾಗಲೆಲ್ಲ ಗೇಟಿನ ಕಡೆ ತಿರುಗಿ ನೋಡುತ್ತಿದ್ದ. ಮಧ್ಯಾಹ್ನದ ಬುತ್ತಿ ಬಿಚ್ಚಲೂ ಇಲ್ಲ.

ಆ ಗಂಡ ಬಂದೇಬಂದ. ಆಳೆತ್ತರ, ಕೆಂಡದಂಥ ಕಣ್ಣು, ಮೇಲುಕೆಳಗಾಗಿ ಹಾಕಿದ ಅಂಗಿಯ ಗುಂಡಿ.

“ಹಸಿರು, ನೇರಳೆ ಎರಡೂ ಕಾಣೋ ಕಾರು ಇಲ್ಲಿಗೆ ಬಂತಾ? ಬಂಕಿನವರು ಇದೇ ರಸ್ತೆಗೆ ತಿರುಗಿತು ಅಂದ್ರು. ನನ್ನ ಹೆಂಡತಿದು.”

ದಲ್ಲಾಳಿ ಹಿಂದೆ ಸರಿದು ಬೆಂಚಿಗೆ ಒರಗಿದ. “ಇಲ್ಲ ಸ್ವಾಮಿ. ನಿಮ್ಮ ಹೆಂಡತಿನ ನಾನು ನೋಡೇ ಇಲ್ಲ.”

ಬಂದವನು ಅವನನ್ನು ನೋಡುತ್ತಿರಲಿಲ್ಲ. ಟಾರ್ಪಾಲಿನ ಕೆಳಗೆ ಗೇಣಗಲ ನೇರಳೆ ಮಿನುಗುತ್ತಿತ್ತು. ಒಂದೇ ನೆಗೆತಕ್ಕೆ ಅಲ್ಲಿಗೆ ಹೋಗಿ ಹೊದಿಕೆ ಕಿತ್ತೆಸೆದ. ಖಾಲಿ ಸೀಟುಗಳನ್ನು ನೋಡಿದ. ತಿರುಗಿ ಬಂದು ದಲ್ಲಾಳಿಯ ಕೊರಳಪಟ್ಟಿ ಹಿಡಿದ.

“ಎಲ್ಲಿ ಅವಳು? ಎಲ್ಲಿ?”

ದಲ್ಲಾಳಿಯ ಕೈಗೆ ಬೆಂಚಿನ ಮೇಲಿದ್ದ ಸ್ಪ್ಯಾನರ್ ಸಿಕ್ಕಿತು. ಅದನ್ನು ಎತ್ತಿ ಹಿಡಿದ. ಅಕ್ಕನ ಗಂಡನಿಗೆ ಆಡಬೇಕಿದ್ದ ಮಾತುಗಳು ಬಾಯಿಗೆ ಬಂದವು.

“ಕೈ ತೆಗಿ! ಮೈಮೇಲೆ ಬರೆ ಬರೋ ಹಾಗೆ ಹೊಡೆದು, ಈಗ ಎಲ್ಲಿ ಅಂತ ಹುಡುಕ್ತೀಯಾ? ಕೊಂದ್ರೂ ಹೇಳಲ್ಲ!”

ಹಿಡಿದ ಕೈ ಸಡಿಲಾಯಿತು.

“ಹೊಡೆದು?” ಎಂದ ಅವನು, ಅರ್ಥವಾಗದ ಮಗುವಿನ ಹಾಗೆ. “ಯಾರು? ಯಾರಿಗೆ?” ಜೇಬಿನಿಂದ ಫೋನ್ ತೆಗೆದ. ಒಂದು ಫೋಟೋ ತೆರೆದು ಮುಂದೆ ಹಿಡಿದ. “ಸ್ವಾಮೀ, ಸರಿಯಾಗಿ ನೋಡಿ. ಇವಳು. ಬೆಳಗಿನಿಂದ ಫೋನ್ ಎತ್ತುತ್ತಿಲ್ಲ.”

ಅದೇ ಕಾರಿಗೆ ಒರಗಿಕೊಂಡು ನಗುತ್ತಿದ್ದ ಆ ಹೆಂಗಸನ್ನು ದಲ್ಲಾಳಿ ತನ್ನ ಜನ್ಮದಲ್ಲೇ ಕಂಡಿರಲಿಲ್ಲ.

“ಈ ಬಣ್ಣಕ್ಕೆ ವರ್ಷದಿಂದ ಒಬ್ಬ ಗಿರಾಕಿಯೂ ಸಿಕ್ಕಿರಲಿಲ್ಲ,” ಎನ್ನುತ್ತಿದ್ದ ಗಂಡ. “ಇವತ್ತು ಯಾರೋ ಹೆಂಗಸು ಫೋನ್ ಮಾಡಿ, ನನಗೆ ಇದೇ ಬಣ್ಣ ಬೇಕು ಅಂದಳಂತೆ. ಅವಳನ್ನ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬರ್ತೀನಿ ಅಂತ ಹೋದಳು.”